ಹೊಗಳಿದ್ದಕ್ಕೆಲ್ಲ ಹೊಣೆ: ಹರಾಜಿಗೆ ಬರುವ ನಕಲಿ ಐಷಾರಾಮಿ ವಾಚು ಮತ್ತು ಹರಾಜು ಸಂಸ್ಥೆಯ ನಡತೆ

2021ರ ನವೆಂಬರ್‌ನಲ್ಲಿ ಜಿನೀವಾದಲ್ಲಿ ಫಿಲಿಪ್ಸ್ ಎಂಬ ಹರಾಜು ಸಂಸ್ಥೆ ನಡೆಸಿದ ಹರಾಜಿನಲ್ಲಿ 1957ರದೆಂದು ಹೇಳಲಾದ ಒಂದು ಒಮೆಗಾ ಸ್ಪೀಡ್‌ಮಾಸ್ಟರ್, ಸಿಕೆ 2915-1 ಮಾದರಿ, ಕಮಿಷನ್ ಸೇರಿ 31 ಲಕ್ಷ ಸ್ವಿಸ್ ಫ್ರಾಂಕಿಗೂ ಮೇಲೆ ಹೋಯಿತು. ಅಂದಾಜು ಬೆಲೆ ಇದ್ದದ್ದು 80 ಸಾವಿರದಿಂದ 1 ಲಕ್ಷ 20 ಸಾವಿರ. ಕೊಂಡವರು ಬೇರೆ ಯಾರೂ ಅಲ್ಲ, ಒಮೆಗಾ ಕಂಪನಿಯವರೇ, ತಮ್ಮ ಮ್ಯೂಸಿಯಂಗೆಂದು. 2023ರ ಜೂನ್‌ನಲ್ಲಿ ಅದೇ ಕಂಪನಿ ಬಾಯಿಬಿಟ್ಟಿತು: ಅದು ಬೇರೆ ಬೇರೆ ವಾಚುಗಳ ಭಾಗಗಳನ್ನು ಕೂಡಿಸಿ ಕಟ್ಟಿದ ಕಲಬೆರಕೆ ಮಾಲು, ಇದರಲ್ಲಿ ತನ್ನ ಮೂವರು ಮಾಜಿ ನೌಕರರ ಕೈ ಇದೆ, ಕ್ರಿಮಿನಲ್ ದೂರು ಕೊಡುತ್ತಿದ್ದೇವೆ.

ಇದು ಯಾವುದೋ ಹಿತ್ತಲ ಕಾರ್ಖಾನೆಯಲ್ಲಿ ತಯಾರಾದ ವಾಚಲ್ಲ. ಬಿಡಿಭಾಗಗಳಲ್ಲಿ ಬಹುಪಾಲು ಒಮೆಗಾದವೇ. ತಯಾರಾದ ದಿನಾಂಕ, ಮಾದರಿ, ಯಂತ್ರದ ಸಂಖ್ಯೆ ಎಲ್ಲವನ್ನೂ ಒಮೆಗಾದಿಂದಲೇ ಖಚಿತಪಡಿಸಿಕೊಂಡಿದ್ದೆವು ಎಂದು ಫಿಲಿಪ್ಸ್ ಹೇಳಿತು. ಕಾಗದ ಸರಿ, ಸಂಖ್ಯೆ ಸರಿ, ವಾಚು ಮಾತ್ರ ಸರಿಯಿಲ್ಲ. ಫುಟ್‌ಪಾತಿನ ‘ಫಸ್ಟ್ ಕಾಪಿ’ಯನ್ನು ದೂರದಿಂದಲೇ ಗುರುತಿಸುವ ಕಣ್ಣು ಇಂಥ ಕಡೆ ಸೋಲುತ್ತದೆ.

ಕೆಳಗಿನ ಕ್ರಮ ಹರಾಜು ಸಂಸ್ಥೆಯಲ್ಲಿ ಮಾಲು ಪಡೆಯುವವರಿಗೆ, ಪರೀಕ್ಷೆ ಮಾಡುವವರಿಗೆ, ಕ್ಯಾಟಲಾಗ್ ಬರೆಯುವವರಿಗೆ. ಕೊಳ್ಳುವವರು ಇದನ್ನೇ ಆಚೆ ಬದಿಯಿಂದ ಓದಿಕೊಳ್ಳಬಹುದು. ಇಲ್ಲಿ ಹೇಳಿದ್ದನ್ನು ಮಾಡದ ಸಂಸ್ಥೆಯ ಹರಾಜಿನಲ್ಲಿ ಕೈ ಎತ್ತದಿದ್ದರೆ ಆಯಿತು.

ಮೊದಲು: ‘ನಾವು ಬರೀ ಮಧ್ಯವರ್ತಿ’ ಎಂಬ ಮಾತು ಯಾಕೆ ನಿಲ್ಲುವುದಿಲ್ಲ

ಒಂದು ಲೆಕ್ಕ ಹಾಕಿ. ಸುತ್ತಿಗೆ ಬಿದ್ದದ್ದು 10 ಲಕ್ಷ ರೂಪಾಯಿಗೆ ಅನ್ನೋಣ. ಕೊಂಡವರಿಂದ ಶೇಕಡ 25 ಕಮಿಷನ್ ಎಂದರೆ 2.5 ಲಕ್ಷ, ಮಾರಿದವರಿಂದ ಶೇಕಡ 10 ಎಂದರೆ 1 ಲಕ್ಷ. ಒಂದು ವಾಚಿನ ಮೇಲೆ ಸಂಸ್ಥೆಗೆ ಮೂರೂವರೆ ಲಕ್ಷ. ಎರಡೂ ಕಡೆಯಿಂದ ಹಣ ಪಡೆಯುವವರು, ವಾಚಿನ ಬೆನ್ನು ಬಿಚ್ಚಿ ನೋಡುವ ಅವಕಾಶ ಇರುವ ಏಕೈಕ ವ್ಯಕ್ತಿ, ವರ್ಣನೆ ಬರೆದವರು, ಬೆಲೆ ಅಂದಾಜಿಸಿದವರು, ನಾಲ್ವರೂ ಒಬ್ಬರೇ. ದಲ್ಲಾಳಿಗೆ ಇಷ್ಟು ಅಧಿಕಾರ ಇರುವುದಿಲ್ಲ.

ಆನ್‌ಲೈನ್ ಮಾರುಕಟ್ಟೆಗಳ ಮಾತು ಬೇರೆ. ಆಭರಣ ಕಂಪನಿ ಟಿಫನಿ ಮತ್ತು ಆನ್‌ಲೈನ್ ಮಾರಾಟ ತಾಣ ಇಬೇ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ 2010ರಲ್ಲಿ ಹೇಳಿದ್ದು: ‘ನಮ್ಮ ತಾಣದಲ್ಲಿ ಎಲ್ಲೋ ನಕಲಿ ಮಾಲು ಇದೆ’ ಎಂಬ ಸಾಮಾನ್ಯ ಅರಿವು ಹೊಣೆಗಾರಿಕೆಗೆ ಸಾಲದು, ಇಂತಿಂಥ ಮಾಲು ನಕಲಿ ಎಂದು ನಿರ್ದಿಷ್ಟವಾಗಿ ಗೊತ್ತಿರಬೇಕು. ಸಾವಿರಾರು ಅಪರಿಚಿತರು ತಾವೇ ಬರೆದು ಹಾಕುವ ಜಾಗಕ್ಕೆ ಆ ತರ್ಕ ಹೊಂದೀತು. ವಾಚನ್ನು ಕೈಯಲ್ಲಿ ಹಿಡಿದು, ಫೋಟೊ ತೆಗೆದು, ಅದರ ಮೇಲೆ ಎರಡು ಪುಟ ಪ್ರಬಂಧ ಬರೆಯುವ ಸಂಸ್ಥೆ ಅದೇ ಕೊಡೆಯ ಕೆಳಗೆ ನಿಲ್ಲಲು ಹೋದರೆ ನಗೆಪಾಟಲು.

ಹಂತ 1: ‘ನಕಲಿ’ ಎಂಬ ಒಂದೇ ಪದ ಸಾಲದು, ವಿಂಗಡಿಸಿ

ನೈತಿಕ ಗೊಂದಲಗಳಲ್ಲಿ ಅರ್ಧದಷ್ಟು ಹುಟ್ಟುವುದು ಪದದ ಬಡತನದಿಂದ. ಮೇಜಿಗೆ ಬಂದ ವಾಚನ್ನು ಈ ಐದರಲ್ಲಿ ಒಂದಕ್ಕೆ ಸೇರಿಸದೆ ಮುಂದೆ ಹೋಗಬೇಡಿ.

ಪೂರ್ತಿ ನಕಲಿ: ಹೆಸರು ಮಾತ್ರ ರೋಲೆಕ್ಸ್, ಒಳಗೂ ಹೊರಗೂ ಬೇರೆಯವರ ಮಾಲು. ಇದನ್ನು ಯಾವ ವಿವರಣೆ ಬರೆದೂ ಮಾರುವಂತಿಲ್ಲ. ‘ಇದ್ದದ್ದು ಇದ್ದ ಹಾಗೆ’ ಎಂಬ ಷರತ್ತು ಇಲ್ಲಿ ನೆಪ ಅಷ್ಟೇ.

ಕಲಬೆರಕೆ: ಭಾಗಗಳು ಅಸಲಿ, ಆದರೆ ಒಟ್ಟಿಗೆ ಹುಟ್ಟಿದವಲ್ಲ. ಒಮೆಗಾ ಪ್ರಕರಣ ಇದೇ ಜಾತಿ. ಅತ್ಯಂತ ಅಪಾಯಕಾರಿ, ಯಾಕೆಂದರೆ ಪ್ರತಿ ಭಾಗವನ್ನೂ ಬಿಡಿಬಿಡಿಯಾಗಿ ನೋಡಿದಾಗ ಎಲ್ಲವೂ ಪಾಸಾಗುತ್ತವೆ.

ಮರುಬಣ್ಣದ ಡಯಲ್: ಹಳೆ ಡಯಲ್ಲಿನ ಬಣ್ಣ ಕೆರೆದು ಹೊಸದಾಗಿ ಬಣ್ಣ, ಅಕ್ಷರ ಮುದ್ರಿಸಿದ್ದು. ಭಾರತದ ಓದುಗರಿಗೆ ಇದು ಹತ್ತಿರದ ಸಂಗತಿ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಶುರುಮಾಡಿದ ಎಚ್‌ಎಂಟಿಯ ಜನತಾ, ಪೈಲಟ್ ಮಾದರಿಗಳಿಗೆ, ವಾಚು ವಿಭಾಗ ಮುಚ್ಚಿದ ಮೇಲೆ ಸಂಗ್ರಾಹಕರು ಹೆಚ್ಚಾದರು. ಅವರ ಹಿಂದೆಯೇ ಕಾರ್ಖಾನೆ ಎಂದೂ ಮಾಡದ ಬಣ್ಣಗಳ ಡಯಲ್‌ಗಳೂ ಬಂದವು. ಸಂಗ್ರಾಹಕರ ವಲಯದಲ್ಲಿ ಇಂಥ ಕೆಲಸಕ್ಕೆ ‘ಮುಂಬೈ ಸ್ಪೆಷಲ್’ ಎಂದೇ ಅಡ್ಡಹೆಸರು. ಮರುಬಣ್ಣ ತಪ್ಪಲ್ಲ, ಅದನ್ನು ಹೇಳದೆ ಮಾರುವುದು ತಪ್ಪು.

ಸರ್ವಿಸ್ ಭಾಗ: ಕಂಪನಿಯೇ ರಿಪೇರಿ ವೇಳೆ ಹಾಕಿದ ಹೊಸ ಡಯಲ್, ಮುಳ್ಳು, ಚಾವಿ. ಅಸಲಿ ಭಾಗ, ಕಾಲ ಮಾತ್ರ ಬೇರೆ. ಬರೆದರೆ ಸಾಕು.

ಹೊರಗೆ ಬದಲಾಯಿಸಿದ್ದು: ಕಂಪನಿಗೆ ಸಂಬಂಧವಿಲ್ಲದವರು ವಜ್ರ ಕೂರಿಸಿದ್ದು, ಡಯಲ್ ಬದಲಿಸಿದ್ದು. ‘ಒಳಗೆ ಅಸಲಿ ಇದೆಯಲ್ಲ’ ಎಂಬ ವಾದಕ್ಕೆ ಬಲ ಕಡಿಮೆಯಾಗುತ್ತಿದೆ. ಬೆಕರ್‌ಟೈಮ್ ಎಂಬ ಮಾರಾಟಗಾರರ ವಿರುದ್ಧ ರೋಲೆಕ್ಸ್ ಹೂಡಿದ ದಾವೆಯಲ್ಲಿ, ಹೊರಗಿನ ಭಾಗ ಹಾಕಿ ರೋಲೆಕ್ಸ್ ಗುರುತನ್ನು ಹಾಗೇ ಉಳಿಸಿಕೊಂಡ ವಾಚುಗಳು ಟ್ರೇಡ್‌ಮಾರ್ಕ್ ಉಲ್ಲಂಘನೆಯೇ ಎಂಬ ತೀರ್ಮಾನವನ್ನು ಅಮೆರಿಕದ ಐದನೇ ವಲಯದ ಮೇಲ್ಮನವಿ ನ್ಯಾಯಾಲಯ 2024ರಲ್ಲಿ ಎತ್ತಿಹಿಡಿಯಿತು.

ಹಂತ 2: ಮಾಲು ತಂದವರೊಂದಿಗೆ ಕರಾರು

ವಾಚು ಚೆನ್ನಾಗಿದೆಯೇ ಎಂದು ನೋಡುವ ಮೊದಲು ಅದು ಎಲ್ಲಿಂದ ಬಂತೆಂದು ಕೇಳಿ. ಯಾರಿಂದ, ಯಾವ ವರ್ಷ, ಎಷ್ಟಕ್ಕೆ, ಕೊನೆಯ ಸಲ ಯಾರು ಬಿಚ್ಚಿದರು, ಯಾವ ಭಾಗ ಬದಲಾಯಿತು. ಉತ್ತರವನ್ನು ಮಾತಿನಲ್ಲಿ ಬಿಡಬೇಡಿ, ಸಹಿ ಹಾಕಿಸಿಕೊಳ್ಳಿ. ‘ತಾತನ ಕಾಲದ್ದು’ ಎಂಬ ಕತೆಗೆ ತಾತನ ಕೈಯಲ್ಲಿ ವಾಚಿರುವ ಒಂದು ಹಳೆ ಫೋಟೊ ಕೇಳುವುದು ಅವಮಾನವಲ್ಲ. ಗುರುತಿನ ಚೀಟಿ, ಪ್ಯಾನ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ಇರಬೇಕು.

ಕದ್ದ ಮಾಲಿನ ಪರೀಕ್ಷೆಯೂ ಇಲ್ಲೇ. ಲಂಡನ್ನಿನ ದಿ ವಾಚ್ ರಿಜಿಸ್ಟರ್‌ನಲ್ಲಿ ಕಳವಾದ ವಾಚುಗಳ ಸಂಖ್ಯೆಗಳನ್ನು ಹುಡುಕಿಸಬಹುದು. ಭಾರತದ ಸರಕು ಮಾರಾಟ ಕಾಯ್ದೆ, 1930ರ 27ನೇ ಕಲಮಿನ ಸಾಮಾನ್ಯ ನಿಯಮದಂತೆ, ಮಾರುವವರಿಗೆ ಇಲ್ಲದ ಹಕ್ಕು ಕೊಳ್ಳುವವರಿಗೆ ಬರುವುದಿಲ್ಲ.

ಕರಾರಿನಲ್ಲಿ ನಾಲ್ಕು ಮಾತು ಇರಲೇಬೇಕು. ವಾಚಿನ ಬೆನ್ನು ಬಿಚ್ಚಲು, ಅಗತ್ಯ ಬಿದ್ದರೆ ಡಯಲ್ ತೆಗೆಯಲು ಒಪ್ಪಿಗೆ. ಅನುಮಾನ ಬಂದರೆ ಸುತ್ತಿಗೆ ಬೀಳುವ ಕ್ಷಣದವರೆಗೂ ಹಿಂದೆಗೆಯುವ ಹಕ್ಕು. ದೂರು ಬಂದರೆ ಹಣ ತಡೆಹಿಡಿಯುವ ಹಕ್ಕು, ಕೊಟ್ಟುಬಿಟ್ಟಿದ್ದರೆ ವಾಪಸು ಪಡೆಯುವ ಹಕ್ಕು. ಕೊನೆಯದು, ನಕಲಿ ಎಂದು ಸಾಬೀತಾದ ವಾಚನ್ನು ಏನು ಮಾಡುತ್ತೇವೆ ಎಂಬುದು. ಈ ನಾಲ್ಕನೆಯದನ್ನು ಬಹಳ ಸಂಸ್ಥೆಗಳು ಬರೆಯುವುದಿಲ್ಲ, ಆಮೇಲೆ ಒದ್ದಾಡುತ್ತವೆ.

ಡಯಲ್ ತೆಗೆಯಲು ಒಪ್ಪದವರ ವಾಚನ್ನು ‘ಮೂಲ ಡಯಲ್’ ಎಂದು ಮಾರಬೇಡಿ. ಅಷ್ಟು ಸರಳ.

ಹಂತ 3: ಪರೀಕ್ಷೆ

ಸಾಮಾನು ದುಬಾರಿಯಲ್ಲ: 10 ಪಟ್ಟು ದೊಡ್ಡದು ಮಾಡುವ ಲೂಪ್, 20ರಿಂದ 40 ಪಟ್ಟಿನ ಸ್ಟೀರಿಯೊ ಸೂಕ್ಷ್ಮದರ್ಶಕ, 365 ನ್ಯಾನೊಮೀಟರಿನ ಯುವಿ ಟಾರ್ಚ್, ಯಂತ್ರದ ಬಡಿತ ಎಣಿಸುವ ಟೈಮ್‌ಗ್ರಾಫರ್, 0.01 ಮಿಲಿಮೀಟರ್ ಅಳೆಯುವ ಕ್ಯಾಲಿಪರ್, 0.01 ಗ್ರಾಂ ತೂಗುವ ತಕ್ಕಡಿ, ಬೆನ್ನು ಬಿಚ್ಚುವ ಸಲಕರಣೆ. ಸಾಧ್ಯವಾದರೆ ವಿಕಿರಣ ಪತ್ತೆಹಚ್ಚುವ ಒಂದು ಗೈಗರ್ ಕೌಂಟರ್. ಲೋಹ ಪರೀಕ್ಷೆಗೆ ಎಕ್ಸ್‌ಆರ್‌ಎಫ್ ಯಂತ್ರ (ಎಕ್ಸ್-ಕಿರಣ ಬಿಟ್ಟು ಲೋಹ ಗುರುತಿಸುವಂಥದ್ದು) ಕೊಳ್ಳಬೇಕಾಗಿಲ್ಲ. ಹಾಲ್‌ಮಾರ್ಕ್ ಕೇಂದ್ರಗಳಲ್ಲಿ ಅದು ಇರುತ್ತದೆ. ಆದರೆ ಅದು ನೋಡುವುದು ಮೇಲ್ಪದರವನ್ನು ಮಾತ್ರ; ದಪ್ಪ ಲೇಪನ ಇದ್ದರೆ ಮೋಸ ಹೋಗುತ್ತದೆ.

ಹಳೆಯ ಕ್ರೋನೋಗ್ರಾಫ್ (ಸ್ಟಾಪ್‌ವಾಚು ಸೇರಿದ ವಾಚು) ಒಂದಕ್ಕೆ ಕನಿಷ್ಠ ಎರಡು ಗಂಟೆ ಎತ್ತಿಡಿ. ಒಬ್ಬರೇ ನೋಡಬಾರದು. ಇಬ್ಬರು ಬೇರೆ ಬೇರೆಯಾಗಿ ನೋಡಿ, ಬರೆದು, ಆಮೇಲೆ ಹೋಲಿಸಬೇಕು. ಅಂದಾಜು ಬೆಲೆ ಹಾಕುವವರು ಆ ಇಬ್ಬರಲ್ಲಿ ಒಬ್ಬರಾಗಿರಬಾರದು. ಬೆಲೆ ಮೊದಲೇ ಕಂಡ ಕಣ್ಣಿಗೆ ದೋಷ ಕಾಣುವುದು ಕಷ್ಟ.

ಕೇಸಿನಿಂದ, ಅಂದರೆ ಯಂತ್ರವನ್ನು ಹೊತ್ತ ಹೊರಕವಚದಿಂದ ಶುರುಮಾಡಿ. ರೋಲೆಕ್ಸ್‌ನಲ್ಲಿ ಹಿಂದೆ ಮಾದರಿ ಸಂಖ್ಯೆ 12 ಗಂಟೆಯ ಬದಿಯಲ್ಲೂ ಸರಣಿ ಸಂಖ್ಯೆ 6 ಗಂಟೆಯ ಬದಿಯಲ್ಲೂ ಪಟ್ಟಿ ಸಿಕ್ಕಿಸುವ ಕಿವಿಗಳ ನಡುವೆ ಇರುತ್ತಿದ್ದವು. 2005ರ ನಂತರ ಕ್ರಮೇಣ ಸರಣಿ ಸಂಖ್ಯೆ ಡಯಲ್ ಸುತ್ತಲಿನ ಒಳಬಳೆಗೆ ಹೋಯಿತು; 2010ರ ಹೊತ್ತಿಗೆ ಸಂಖ್ಯೆಗಳಿಗೆ ಕ್ರಮವೇ ಇಲ್ಲದಂತಾಯಿತು. ಹಳೆಯ ಅಂಕಿಗಳ ಅಂಚು ಬೆಳಕಿಗೆ ಹಿಡಿದರೆ ವಜ್ರದ ಮೊನೆಯಿಂದ ಕೊರೆದಂತೆ ಹೊಳೆಯುತ್ತದೆ. ನಕಲಿಯಲ್ಲಿ ಆಸಿಡ್ ತಿಂದಂತೆ ಚುಕ್ಕಿ ಚುಕ್ಕಿಯಾಗಿ ಕಾಣುತ್ತದೆ. ಕಿವಿಗಳನ್ನು ಕ್ಯಾಲಿಪರಿನಲ್ಲಿ ಅಳೆದು ನಾಲ್ಕನ್ನೂ ಹೋಲಿಸಿ. ಪಾಲಿಶ್ ಮಾಡಿ ತೆಳುವಾಗಿದ್ದರೆ ಅದನ್ನು ಬರೆಯಬೇಕು, ಲೋಹ ಬೆಸೆದು ಮತ್ತೆ ದಪ್ಪ ಮಾಡಿದ್ದರೆ ಅದನ್ನಂತೂ ಬರೆಯಲೇಬೇಕು. ಸ್ವಿಸ್ ಚಿನ್ನದ ಕೇಸಿಗೆ ಇನ್ನೊಂದು ಸುಲಭ ಪರೀಕ್ಷೆ: 1995ರ ಆಗಸ್ಟ್‌ನಿಂದ ಅಧಿಕೃತ ಮುದ್ರೆ ಸೇಂಟ್ ಬರ್ನಾರ್ಡ್ ನಾಯಿಯ ತಲೆ. 1960ರ ವಾಚೆಂದು ಬಂದದ್ದರ ಮೇಲೆ ನಾಯಿಯ ತಲೆ ಇದ್ದರೆ ಕೇಸು ಆಮೇಲಿನದು.

ಡಯಲ್ ಬಗ್ಗೆ ಹೆಚ್ಚು ಹೊತ್ತು ನಿಲ್ಲಬೇಕು, ಯಾಕೆಂದರೆ ಹಳೆ ವಾಚಿನ ಬೆಲೆ ಕೂತಿರುವುದೇ ಅಲ್ಲಿ. ರೋಲೆಕ್ಸ್ ಡೇಟೋನಾ 6239 ಮಾದರಿಯಲ್ಲಿ ಸಾಧಾರಣ ಡಯಲ್ ಇದ್ದರೆ ಒಂದು ಬೆಲೆ, ‘ಪಾಲ್ ನ್ಯೂಮನ್’ ಎಂದು ಕರೆಯುವ ಡಯಲ್ ಇದ್ದರೆ ಅದರ ಹಲವು ಪಟ್ಟು. ನಟ ಪಾಲ್ ನ್ಯೂಮನ್ ಅವರದೇ ವಾಚು 2017ರಲ್ಲಿ ನ್ಯೂಯಾರ್ಕಿನಲ್ಲಿ 1 ಕೋಟಿ 77 ಲಕ್ಷ ಡಾಲರಿಗೆ ಹೋಯಿತು. ಒಂದು ತಗಡಿನ ಬಿಲ್ಲೆ ಬದಲಿಸಿದರೆ ಇಷ್ಟು ವ್ಯತ್ಯಾಸ ಎಂದಾದಾಗ ಬಿಲ್ಲೆ ಬದಲಿಸುವವರು ಹುಟ್ಟದೆ ಇರುತ್ತಾರೆಯೇ? ಈ ಡಯಲ್‌ಗಳನ್ನು ಮಾಡಿದ್ದು ಸಿಂಗರ್ ಎಂಬ ಡಯಲ್ ತಯಾರಕರು. ಚಿಕ್ಕ ಡಯಲ್‌ಗಳೊಳಗಿನ ಗೆರೆಗಳ ತುದಿಯಲ್ಲಿ ಪುಟ್ಟ ಚೌಕ, ಅಂಕಿಗಳಿಗೆ ಬೇರೆಯದೇ ಅಚ್ಚು, ಹೊರಗಿನ ನಿಮಿಷದ ಪಟ್ಟಿಗೂ ಮಧ್ಯಭಾಗಕ್ಕೂ ನಡುವೆ ಸಣ್ಣ ಮೆಟ್ಟಿಲು. ನಕಲಿಯಲ್ಲಿ ಬಣ್ಣ ಆ ಮೆಟ್ಟಿಲಿನ ಅಂಚಿನಲ್ಲಿ ಹರಡಿರುತ್ತದೆ.

ಮರುಬಣ್ಣ ಪತ್ತೆಗೆ ಡಯಲ್ ತೆಗೆದು ಹಿಂಬದಿ ನೋಡಿ. ಡಯಲ್ಲಿನ ಕಾಲುಗಳು ಹೊಸದಾಗಿ ಬೆಸೆದಂತಿವೆಯೇ, ಅಂಟಿಸಿದ್ದಾರೆಯೇ, ಉಜ್ಜಿದ ಗುರುತಿದೆಯೇ? ಮುಂಬದಿಯಲ್ಲಿ ಅಕ್ಷರದ ಅಂಚು ಕಡಿದಂತೆ ಚೂಪಾಗಿರಬೇಕು. ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ಸರಿಯಾಗಿ ಎದುರಾಗಬೇಕು.

ಹೊಳೆಯುವ ಲೇಪನ ಕಾಲವನ್ನು ಹೇಳುತ್ತದೆ, ಸುಳ್ಳು ಹೇಳುವುದು ಅದಕ್ಕೆ ಕಷ್ಟ. ಸುಮಾರು 1960ರ ದಶಕದ ಆರಂಭದಿಂದ 1990ರ ದಶಕದ ಕೊನೆಯವರೆಗೆ ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಬಳಕೆಯಲ್ಲಿತ್ತು. ಡಯಲ್ಲಿನ ಕೆಳಗೆ ‘ಟಿ’ ಅಕ್ಷರ ಇರುವುದು ಅದಕ್ಕೇ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ. 1970ರ ಡಯಲ್ಲಿನಲ್ಲಿ 2020ರ ಹೊತ್ತಿಗೆ ಉಳಿದಿರುವುದು ಮೂಲದ ಹದಿನಾರನೇ ಒಂದು ಭಾಗದಷ್ಟು. ಯುವಿ ಟಾರ್ಚ್ ಬಿಟ್ಟು ಆರಿಸಿದರೆ ಅದು ತಕ್ಷಣ ಇಲ್ಲವೇ ಕೆಲ ಕ್ಷಣದಲ್ಲಿ ಕಪ್ಪಾಗಬೇಕು. ನಿಮಿಷಗಟ್ಟಲೆ ಹಸಿರಾಗಿ ಹೊಳೆದರೆ ಆಮೇಲೆ ಲುಮಿನೋವಾ ಎಂಬ ಈಚಿನ ಲೇಪನ ತುಂಬಿದ್ದಾರೆ. ಮುಳ್ಳಿನ ಲೇಪನಕ್ಕೂ ಡಯಲ್ಲಿನ ಲೇಪನಕ್ಕೂ ವರ್ತನೆ ಬೇರೆಯಾಗಿದ್ದರೆ ಒಂದು ಬದಲಾಗಿದೆ. ಟ್ರಿಟಿಯಂಗೆ ಮೊದಲಿನದು ರೇಡಿಯಂ; ಅದರ ಅರ್ಧಾಯುಷ್ಯ 1600 ವರ್ಷ, ಹೊಳಪು ಸತ್ತಿದ್ದರೂ ಗೈಗರ್ ಕೌಂಟರ್ ಕಿರಿಚುತ್ತದೆ. ಅದನ್ನು ಕೆರೆಯಬೇಡಿ, ಪುಡಿಯನ್ನು ಬಾಯಿಂದ ಊದಬೇಡಿ.

ಬಿಸಿಲಿಗೆ ಕಂದಿ ಕಂದು ಬಣ್ಣಕ್ಕೆ ತಿರುಗಿದ ಕರಿ ಡಯಲ್‌ಗೆ ಸಂಗ್ರಾಹಕರು ಪ್ರಾಣ ಬಿಡುತ್ತಾರೆ. ಆ 31 ಲಕ್ಷ ಫ್ರಾಂಕಿನ ಒಮೆಗಾದ ಆಕರ್ಷಣೆಯೂ ಅದೇ ಕಂದು. ಕೇಸಿನ ಅಂಚಿನಡಿ ಮುಚ್ಚಿಹೋಗುವ ಭಾಗವೂ ಮಧ್ಯದಷ್ಟೇ ಕಂದಾಗಿದ್ದರೆ, ಲೇಪನವೂ ಸುಟ್ಟಂತೆ ಬಿರುಕು ಬಿಟ್ಟಿದ್ದರೆ, ಬಿಸಿಲಿನ ಕೆಲಸವೋ ಒಲೆಯ ಕೆಲಸವೋ ಎಂದು ಕೇಳಿಕೊಳ್ಳಿ. ಇದು ಸುಳಿವು ಮಾತ್ರ, ಇದೊಂದರಿಂದಲೇ ತೀರ್ಪು ಬೇಡ.

ಇನ್ನು ಯಂತ್ರ. ಟೈಮ್‌ಗ್ರಾಫರ್ ಮೇಲೆ ಇಟ್ಟಾಗ ಬಡಿತದ ಸಂಖ್ಯೆ ಮಾದರಿಗೆ ಹೊಂದಬೇಕು. ಒಮೆಗಾದ 321 ಎಂಬ ಯಂತ್ರದ್ದು ಗಂಟೆಗೆ 18,000 ಬಡಿತ. 1968ರಲ್ಲಿ ಅದರ ಜಾಗಕ್ಕೆ ಬಂದ 861ರದು 21,600. 1957ರ ಸ್ಪೀಡ್‌ಮಾಸ್ಟರ್ ಎಂದು ಬಂದದ್ದು 21,600 ಬಡಿದರೆ ಉಳಿದದ್ದು ನೋಡುವ ಅಗತ್ಯವೇ ಇಲ್ಲ. ರೋಲೆಕ್ಸ್ 3135 ಬಡಿಯುವುದು 28,800. ಹಳೆಯ 1570ರದು 19,800. ಬಡಿತ ಹೊಂದಿದ ಮಾತ್ರಕ್ಕೆ ನಂಬುವಂತಿಲ್ಲ, ಏಕೆಂದರೆ ಚೀನಾದಲ್ಲಿ 3135ರ ಪಡಿಯಚ್ಚು ಯಂತ್ರವೇ ತಯಾರಾಗುತ್ತದೆ. ಬೆನ್ನು ಬಿಚ್ಚಿ ನೋಡಿ: 3135ರಲ್ಲಿ ಸಮತೋಲನ ಚಕ್ರವನ್ನು ಎರಡೂ ಬದಿ ಆಧಾರವಿರುವ ಸೇತುವೆ ಹಿಡಿದಿರುತ್ತದೆ, ವೇಗ ಸರಿಪಡಿಸುವುದು ಚಕ್ರದ ಮೇಲಿನ ಪುಟ್ಟ ಚಿನ್ನದ ನಟ್ಟುಗಳಿಂದ, ಪ್ಲಸ್-ಮೈನಸ್ ಕಡ್ಡಿಯಿಂದಲ್ಲ. ಪಡಿಯಚ್ಚಿನಲ್ಲಿ ಆಕಾರ ಬಂದಿರುತ್ತದೆ, ಅಂಚಿನ ನಯ ಬಂದಿರುವುದಿಲ್ಲ; ಅದನ್ನು ಹೇಳುವುದು ಸೂಕ್ಷ್ಮದರ್ಶಕ, ಪಕ್ಕದಲ್ಲಿ ಖಚಿತವಾಗಿ ಅಸಲಿಯಾದ ಇನ್ನೊಂದು ಯಂತ್ರವೋ ಅದರ ಫೋಟೊವೋ ಇದ್ದಾಗ ಮಾತ್ರ. ಬಿಚ್ಚಿದ ಮೇಲೆ ರಬ್ಬರ್ ವಾಷರ್ ಹೊಸದು ಹಾಕಿ, ನೀರಿನ ಒತ್ತಡ ಪರೀಕ್ಷೆ ಮಾಡಿ. ಇದನ್ನು ಮರೆತು ಅಸಲಿ ವಾಚನ್ನು ಮಂಜುಗಟ್ಟಿಸಿ ಕೆಡಿಸಿದರೆ ಅದೂ ಸಂಸ್ಥೆಯ ತಪ್ಪೇ.

ಎಲ್ಲ ಮುಗಿದ ಮೇಲೆ ಒಂದು ಕೋಷ್ಟಕ: ಕೇಸು, ಡಯಲ್, ಮುಳ್ಳು, ಚಾವಿ, ಯಂತ್ರ, ಚೈನು, ಪ್ರತಿಯೊಂದಕ್ಕೂ ಅದು ಹುಟ್ಟಿರಬಹುದಾದ ವರ್ಷಗಳ ವ್ಯಾಪ್ತಿ. ಕಲಬೆರಕೆ ಸಿಕ್ಕಿಬೀಳುವುದು ಇಲ್ಲಿ. ಬಿಡಿಬಿಡಿಯಾಗಿ ಪಾಸಾದ ಭಾಗಗಳ ವರ್ಷಗಳು ಒಂದರ ಮೇಲೊಂದು ಕೂರುವುದಿಲ್ಲ.

ಹಂತ 4: ಕಾಗದವನ್ನು ಎಷ್ಟು ನಂಬಬೇಕು

ಪಾಟೆಕ್ ಫಿಲಿಪ್ ಕಂಪನಿ ತನ್ನ ದಾಖಲೆಯಿಂದ ಉದ್ಧೃತ ಪತ್ರ ಕೊಡುತ್ತದೆ: ಇಂಥ ಯಂತ್ರ ಸಂಖ್ಯೆ, ಇಂಥ ಕೇಸು ಸಂಖ್ಯೆ, ಇಂಥ ವರ್ಷ ತಯಾರು, ಇಂಥ ದಿನ ಮಾರಾಟ. ಅದು ಹೇಳುವುದು ಆ ಸಂಖ್ಯೆಯ ವಾಚೊಂದು ಇತ್ತು ಎಂದು. ನಿಮ್ಮ ಮೇಜಿನ ಮೇಲಿರುವುದು ಅದೇ ಎಂದಲ್ಲ. ರೋಲೆಕ್ಸ್ ಸಾರ್ವಜನಿಕರಿಗೆ ಇಂಥ ಪತ್ರವನ್ನೇ ಕೊಡುವುದಿಲ್ಲ. ಅಂತರ್ಜಾಲದ ಸರಣಿ ಸಂಖ್ಯೆ ಪಟ್ಟಿಗಳು ಹವ್ಯಾಸಿಗಳು ಕೂಡಿಸಿದವು, ಒಂದೆರಡು ವರ್ಷ ಆಚೀಚೆ ಆಗುತ್ತವೆ. ಪೆಟ್ಟಿಗೆ, ವಾರಂಟಿ ಚೀಟಿಗಳು ವಾಚಿಲ್ಲದೆಯೂ ಬಿಕರಿಯಾಗುತ್ತವೆ. ‘ಬಾಕ್ಸ್ ಪೇಪರ್ ಎಲ್ಲ ಇದೆ ಸರ್’ ಎಂಬುದು ಸಮಾಧಾನದ ಮಾತು, ಸಾಕ್ಷಿಯಲ್ಲ.

ಕಂಪನಿಗೆ ಪತ್ರ ಬರೆಯುವಾಗ ಸಂಖ್ಯೆ ಮಾತ್ರ ಕಳಿಸಬೇಡಿ. ಬಿಚ್ಚಿದ ವಾಚಿನ ಹತ್ತು ಹನ್ನೆರಡು ಫೋಟೊ ಕಳಿಸಿ. ಮಾರುವವರ ಮೂಲಕ ಪತ್ರ ತರಿಸಿಕೊಳ್ಳಬೇಡಿ, ಸಂಸ್ಥೆಯೇ ನೇರವಾಗಿ ಬರೆಯಲಿ. ಉತ್ತರ ಯಾರಿಂದ ಬಂತು, ಅವರು ವಾಚನ್ನು ಕಣ್ಣಾರೆ ಕಂಡರೇ ಎಂಬುದನ್ನೂ ಕಡತದಲ್ಲಿ ಬರೆದಿಡಿ. ಒಮೆಗಾ ಪ್ರಕರಣದಲ್ಲಿ ಆರೋಪ ಹೊತ್ತವರು ಕಂಪನಿಯ ಒಳಗಿನವರೇ. ಅದೇ ಕಂಪನಿ ಖರೀದಿದಾರನೂ ಆಗಿರಬಹುದಾದ ಲಾಟಿಗೆ (ಹರಾಜಿಗಿಟ್ಟ ಒಂದೊಂದು ಮಾಲೂ ಒಂದು ಲಾಟು) ಕಂಪನಿಯ ಮಾತೊಂದನ್ನೇ ಕೊನೆಯ ಮಾತು ಮಾಡಿಕೊಳ್ಳಬಾರದು. ಹೊರಗಿನ ತಜ್ಞರೊಬ್ಬರು ಬೇಕು, ಅವರ ಸಂಭಾವನೆ ನಿಗದಿತ ಮೊತ್ತವಾಗಿರಬೇಕು. ಮಾರಾಟದ ಬೆಲೆಯ ಮೇಲೆ ಶೇಕಡಾವಾರು ಕೊಟ್ಟರೆ ಕೊಂಡುಕೊಂಡ ಅಭಿಪ್ರಾಯ ಸಿಗುತ್ತದೆ.

ಹಂತ 5: ಕ್ಯಾಟಲಾಗಿನ ವಾಕ್ಯ

ನಮ್ಮ ದೃಷ್ಟಿಯಲ್ಲಿ ಇಡೀ ವಿಷಯದ ಜೀವ ಇಲ್ಲಿದೆ. ಕ್ರಿಸ್ಟೀಸ್ ಅಂಥ ದೊಡ್ಡ ಸಂಸ್ಥೆಗಳು ಮಾರಾಟದ ದಿನದಿಂದ 5 ವರ್ಷ ಅಸಲಿತನದ ಖಾತರಿ ಕೊಡುತ್ತವೆ. ಒಳ್ಳೆಯದೇ. ಆದರೆ ಷರತ್ತುಗಳ ಸಣ್ಣ ಅಕ್ಷರದಲ್ಲಿ, ವಾಚುಗಳಿಗೆ ಬದುಕಿನಲ್ಲಿ ರಿಪೇರಿ ಆಗಿಯೇ ಇರುತ್ತದೆ, ಯಾವುದೇ ಬಿಡಿಭಾಗ ಮೂಲದ್ದೆಂದು ನಾವು ಖಾತರಿ ಕೊಡುವುದಿಲ್ಲ ಎಂಬ ಅರ್ಥದ ಮಾತೂ ಇರುತ್ತದೆ. ರಿಪೇರಿಯ ಮಾತು ನಿಜ. ತೊಂದರೆ ಬರುವುದು, ಅದೇ ಪುಸ್ತಕದ ಮುಂದಿನ ಪುಟಗಳಲ್ಲಿ ‘ಯಾರೂ ಮುಟ್ಟದ ಡಯಲ್, ಕಾಲವೇ ಬಳಿದ ಬಣ್ಣ’ ಎಂದು ಬರೆದು ಬೆಲೆಯನ್ನು ಹತ್ತು ಪಟ್ಟು ಏರಿಸಿ, ಹಿಂಪುಟದಲ್ಲಿ ಡಯಲ್ಲಿಗೆ ನಾವು ಜವಾಬ್ದಾರರಲ್ಲ ಎಂದಾಗ. ಯಾವ ಭಾಗವನ್ನು ಹೊಗಳಿ ಹಣ ಮಾಡಿದಿರೋ ಆ ಭಾಗಕ್ಕೆ ಹೊಣೆ ಹೊರಬೇಕು. ಹೊರಲಾಗದಿದ್ದರೆ ಹೊಗಳಬೇಡಿ.

ಬರೆಯುವ ಕ್ರಮಕ್ಕೆ ಒಂದು ಮಾದರಿ. ಹೀಗೆ ಬೇಡ: ‘ಅಪರೂಪದ, ಅದ್ಭುತ ಸ್ಥಿತಿಯ 1968ರ ರೋಲೆಕ್ಸ್ ಸಬ್‌ಮರೀನರ್, ಬಹುಶಃ ಮೂಲ ಡಯಲ್.’ ಹೀಗಿರಲಿ: ‘ಕೇಸಿನ ಸಂಖ್ಯೆಯ ಪ್ರಕಾರ 1967-69ರ ಆಸುಪಾಸು. ಡಯಲ್ ಕಂಪನಿಯ ಸರ್ವಿಸ್ ಡಯಲ್, 1998ರ ನಂತರದ್ದು. ಗಂಟೆ, ನಿಮಿಷದ ಮುಳ್ಳಿಗೆ ಲೇಪನ ಮರುತುಂಬಿದೆ. ಕಿವಿಗಳು ಪಾಲಿಶ್ ಆಗಿವೆ, ಅತಿ ತೆಳುವಾದದ್ದು ಇಷ್ಟು ಮಿಲಿಮೀಟರ್. ಯಂತ್ರ ಬಿಚ್ಚಿ ನೋಡಲಾಗಿದೆ. ಡಯಲ್ ತೆಗೆದು ನೋಡಲಾಗಿದೆ.’ ಬೆನ್ನು ಬಿಚ್ಚಿಲ್ಲದಿದ್ದರೆ ಬಿಚ್ಚಿಲ್ಲ ಎಂದೇ ಬರೆಯಿರಿ. ‘ಬಹುಶಃ’, ‘ಎನ್ನಲಾಗಿದೆ’ಗಳು ಶೀರ್ಷಿಕೆಯಲ್ಲಿ ಬರಕೂಡದು. ಭಾರತದಲ್ಲಿ ಮಾರುವುದಾದರೆ ಸರಕು ಮಾರಾಟ ಕಾಯ್ದೆಯ 15ನೇ ಕಲಮು ನೆನಪಿರಲಿ: ವರ್ಣನೆಯ ಮೇಲೆ ಮಾರಿದ ಮಾಲು ಆ ವರ್ಣನೆಗೆ ಹೊಂದಲೇಬೇಕು.

ಕೇಸಿನ ಒಳಭಾಗ, ಯಂತ್ರ, ಯುವಿ ಬೆಳಕಿನಲ್ಲಿ ಡಯಲ್, ಈ ಮೂರರ ಫೋಟೊ ಪ್ರತಿ ಲಾಟಿಗೂ ಹಾಕಿ. ಗಿರಾಕಿ ಕೇಳಿದಾಗ ಮಾತ್ರ ಕಳಿಸುತ್ತೇವೆ ಎನ್ನುವುದು ಕೇಳಲು ಗೊತ್ತಿಲ್ಲದವರಿಗೆ ಮಾಡುವ ಅನ್ಯಾಯ.

ಹಂತ 6: ಸ್ವಹಿತ ಬಿಚ್ಚಿಡುವುದು

2007ರಲ್ಲಿ ಆಂಟಿಕೋರಮ್ ಸಂಸ್ಥೆ ಜಿನೀವಾದಲ್ಲಿ ನಡೆಸಿದ ‘ಒಮೆಗಾಮೇನಿಯಾ’ ಹರಾಜಿನಲ್ಲಿ ಒಮೆಗಾ ಕಂಪನಿಯೇ ತನ್ನ ಹೆಸರು ಹೇಳದೆ ಕೂಗಿ ಅನೇಕ ವಾಚುಗಳನ್ನು ಕೊಂಡದ್ದು ಆಮೇಲೆ ಸುದ್ದಿಯಾಯಿತು. ತಯಾರಕರು ತಮ್ಮ ಹಳೆ ಮಾಲು ಕೊಳ್ಳುವುದು ಅಪರಾಧವೇನಲ್ಲ. ಆದರೆ ಬೆಲೆ ಏರಿದ್ದು ಸಂಗ್ರಾಹಕರ ಆಸೆಯಿಂದ ಎಂದು ಸಭೆ ನಂಬಿರುತ್ತದೆ. ಬೆಲೆ ಕೃತಕವಾಗಿ ಏರಿದ ಮಾದರಿಯತ್ತಲೇ ಮುಂದೆ ಕಲಬೆರಕೆ ಮಾಡುವವರೂ ಹೊರಳುತ್ತಾರೆ.

ಲಾಟು ಸಂಸ್ಥೆಯದೇ ಸ್ವಂತದ್ದೇ, ಕನಿಷ್ಠ ಬೆಲೆಯ ಭರವಸೆ ಕೊಟ್ಟಿದೆಯೇ, ಮೂರನೆಯವರು ಹಣ ಹೂಡಿದ್ದಾರೆಯೇ, ಮಾಲು ತಂದವರು ಸಂಸ್ಥೆಯ ನೌಕರರೇ ಎಂಬುದನ್ನು ಲಾಟಿನ ಪಕ್ಕದಲ್ಲೇ ಮಾತಿನಲ್ಲಿ ಬರೆಯಿರಿ, ಚಿಹ್ನೆ ಹಾಕಿ ಅರ್ಥವನ್ನು ಕೊನೆಯ ಪುಟದಲ್ಲಿ ಬಚ್ಚಿಡಬೇಡಿ. ಮಾರುವವರೇ ಸವಾಲು ಕೂಗುವುದನ್ನು ಮೊದಲೇ ತಿಳಿಸದಿದ್ದರೆ ಕೊಂಡವರು ಅದನ್ನು ವಂಚನೆಯ ಮಾರಾಟವೆಂದು ಪರಿಗಣಿಸಬಹುದು. ಬೆಲೆ ಏರಿಸಲು ಸುಳ್ಳು ಸವಾಲು ಬಳಸಿದ್ದರೆ ಖರೀದಿಯನ್ನು ರದ್ದು ಮಾಡಬಹುದು. ಎರಡೂ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನಲ್ಲಿವೆ.

ಹಂತ 7: ಹರಾಜಿನ ದಿನ ಅನುಮಾನ ಬಂದರೆ

ಕ್ಯಾಟಲಾಗ್ ಅಚ್ಚಾಗಿದೆ, ಪ್ರದರ್ಶನದಲ್ಲಿ ಯಾರೋ ಒಬ್ಬ ಸಂಗ್ರಾಹಕರು ಬಂದು ‘ಈ ಮುಳ್ಳು ಈ ಮಾದರಿಯದ್ದಲ್ಲ’ ಅನ್ನುತ್ತಾರೆ. ಸಣ್ಣ ತಿದ್ದುಪಡಿಯಾದರೆ ಸಭೆಯಲ್ಲಿ ಓದಿ ಹೇಳಿ. ಅಷ್ಟೇ ಸಾಲದು: ಲಿಖಿತ ಸವಾಲು ಬಿಟ್ಟವರಿಗೆ, ಫೋನಿನಲ್ಲಿ ಕೂಗುವವರಿಗೆ ಒಬ್ಬೊಬ್ಬರಿಗೂ ಮೊದಲೇ ತಿಳಿಸಿ, ಒಪ್ಪಿಗೆ ಮತ್ತೆ ಪಡೆಯಿರಿ. ಡಯಲ್, ಯಂತ್ರದಂಥ ಮುಖ್ಯ ಭಾಗದ ಮೇಲೇ ಅನುಮಾನವಾದರೆ ಹಿಂದೆಗೆಯಿರಿ. ಅಂದಾಜು ಬೆಲೆ ಇಳಿಸಿ ‘ನೋಡಿಕೊಂಡು ಕೊಳ್ಳಿ’ ಅನ್ನುವುದು ತಮಗಿರುವ ಅನುಮಾನವನ್ನು ಕಡಿಮೆ ಬಲ್ಲವರ ಕೊರಳಿಗೆ ಕಟ್ಟಿದಂತೆ.

ಹಂತ 8: ಮಾರಾಟದ ನಂತರ ದೂರು

ಮಾಲು ತಂದವರಿಗೆ ಒಂದರಿಂದ ಒಂದೂವರೆ ತಿಂಗಳಲ್ಲಿ ಹಣ ಕೊಡುವುದು ರೂಢಿ. ದೂರು ಬಂದ ದಿನವೇ ಆ ಹಣ ತಡೆಯಿರಿ, ಎರಡು ದಿನದೊಳಗೆ ದೂರುದಾರರಿಗೆ ಲಿಖಿತ ಉತ್ತರ ಕೊಡಿ. ವಾಚು ವಾಪಸು ಬಂದಾಗ ಮೊದಲ ಕೆಲಸ, ನೀವು ಕಳಿಸಿದ್ದು ಅದೇ ವಾಚೇ ಎಂದು ಹಳೆ ಫೋಟೊದೊಂದಿಗೆ ಗೀರು ಗೀರು ಹೋಲಿಸುವುದು. ಕೊಂಡವರು ಡಯಲ್ ಬದಲಿಸಿ ದೂರು ಕೊಡುವುದೂ ಉಂಟು. ಎರಡೂ ಕಡೆಯವರು ಒಪ್ಪಿದ ಇಬ್ಬರು ತಜ್ಞರಿಂದ ನೋಡಿಸಿ. ತಪ್ಪು ಸಂಸ್ಥೆಯದಾದರೆ ಸುತ್ತಿಗೆ ಬೆಲೆಯ ಜತೆ ಕಮಿಷನ್, ತೆರಿಗೆ, ಸಾಗಣೆ ವೆಚ್ಚ ಎಲ್ಲವೂ ವಾಪಸು ಹೋಗಬೇಕು. ಕಮಿಷನ್ ಮಾತ್ರ ಉಳಿಸಿಕೊಳ್ಳುವ ಚಾಳಿ ನಾಚಿಕೆಗೇಡು.

ಆಮೇಲಿನ ಕೆಲಸ ಯಾರಿಗೂ ಇಷ್ಟವಿಲ್ಲದ್ದು: ಅದೇ ವ್ಯಕ್ತಿ ಹಿಂದೆ ತಂದ ಎಲ್ಲ ವಾಚುಗಳ ಪಟ್ಟಿ ತೆಗೆದು, ಕೊಂಡವರಿಗೆ ಪತ್ರ ಬರೆಯುವುದು. ಅದರ ಜತೆಗೆ ಜಾಲತಾಣದ ಹಳೆ ಫಲಿತಾಂಶದ ಪುಟವನ್ನು ತಿದ್ದುವುದು. ಅಳಿಸಬೇಡಿ. ‘ಈ ಲಾಟಿನ ಮಾರಾಟ ಇಂಥ ದಿನ ರದ್ದಾಗಿದೆ, ಕಾರಣ ಇದು’ ಎಂದು ಅದೇ ಪುಟದಲ್ಲಿ ಬರೆಯಿರಿ. ಪುಟ ಸದ್ದಿಲ್ಲದೆ ಮಾಯವಾದರೆ, ಅಚ್ಚಾದ ಕ್ಯಾಟಲಾಗಿನ ಪ್ರತಿ ಹಿಡಿದು ಐದು ವರ್ಷದ ನಂತರ ಅದೇ ವಾಚು ‘ಹಿಂದೆ ದೊಡ್ಡ ಹರಾಜಿನಲ್ಲಿ ಮಾರಾಟವಾದದ್ದು’ ಎಂಬ ಹೆಗ್ಗಳಿಕೆಯೊಂದಿಗೆ ಇನ್ನೊಂದು ಊರಿನ ಮೇಜಿಗೆ ಬರುತ್ತದೆ.

ಭಾರತದಲ್ಲಿ ಕೊಂಡವರಿಗೆ ಇರುವ ದಾರಿ: ಸ್ವಂತಕ್ಕೆ ಕೊಂಡಿದ್ದರೆ ಗ್ರಾಹಕರ ಆಯೋಗ, ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಜಿಲ್ಲಾ ಮಟ್ಟದಲ್ಲಿ, ಎರಡು ವರ್ಷದೊಳಗೆ, ಸಹಾಯವಾಣಿ 1915. ಮರುಮಾರಾಟದ ವ್ಯಾಪಾರಕ್ಕೆ ಕೊಂಡವರು ಗ್ರಾಹಕರೆನಿಸುವುದಿಲ್ಲ. ಬೆಂಗಳೂರಿನಲ್ಲಿ ಕೂತು ಜಿನೀವಾದ ಲಾಟಿಗೆ ಆನ್‌ಲೈನಿನಲ್ಲಿ ಕೂಗುವವರು ಷರತ್ತಿನಲ್ಲಿ ಯಾವ ದೇಶದ ಕಾನೂನು ಎಂದಿದೆ ನೋಡಿಕೊಳ್ಳಬೇಕು. ನಕಲಿ ಎಂದು ಅನುಮಾನ ಬಂದರೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರೇ ಅದನ್ನು ತಡೆಹಿಡಿಯಬಹುದು.

ಹಂತ 9: ಸಿಕ್ಕಿಬಿದ್ದ ನಕಲಿಯನ್ನು ಏನು ಮಾಡುವುದು

ಸುಲಭದ ದಾರಿ, ತಂದವರಿಗೆ ವಾಪಸು ಕೊಟ್ಟು ಕೈತೊಳೆದುಕೊಳ್ಳುವುದು. ಅವರು ಮುಂದಿನ ವಾರ ಇನ್ನೊಂದು ಸಂಸ್ಥೆಗೆ ಹೋಗುತ್ತಾರೆ, ಈ ಸಲ ನಿಮ್ಮ ಪರೀಕ್ಷಕರು ಯಾವ ದೋಷ ಹಿಡಿದರೋ ಅದನ್ನು ಸರಿಪಡಿಸಿಕೊಂಡು. ಹಾಗಾಗಿ ನಿರಾಕರಿಸುವಾಗ ‘ನಮ್ಮ ಮಟ್ಟಕ್ಕೆ ಹೊಂದುವುದಿಲ್ಲ’ ಎಂದು ಬರೆಯಿರಿ, ಪಾಠ ಹೇಳಿಕೊಡಬೇಡಿ.

ಟ್ರೇಡ್‌ಮಾರ್ಕ್ ಕಾಯ್ದೆ, 1999ರ 104ನೇ ಕಲಮಿನ ಪ್ರಕಾರ ಸುಳ್ಳು ಗುರುತಿನ ಮಾಲು ಮಾರಿದರೆ, ಮಾರಲು ಇಟ್ಟುಕೊಂಡರೆ 6 ತಿಂಗಳಿಂದ 3 ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ದಂಡ. ಎಲ್ಲ ಎಚ್ಚರಿಕೆ ವಹಿಸಿದ್ದೆವು, ಅನುಮಾನಕ್ಕೆ ಕಾರಣವಿರಲಿಲ್ಲ, ಕೇಳಿದಾಗ ಯಾರಿಂದ ಬಂತೆಂದು ತಿಳಿಸಿದ್ದೇವೆ ಎಂದು ತೋರಿಸಿದವರಿಗೆ ಅದೇ ಕಲಮಿನಲ್ಲಿ ರಕ್ಷಣೆಯೂ ಇದೆ. ಹಂತ 2ರ ಸಹಿಗಳು, ಹಂತ 3ರ ಕೋಷ್ಟಕ ಆಗ ಕೆಲಸಕ್ಕೆ ಬರುತ್ತವೆ. ಖಾತರಿಯ ಅವಧಿಗಿಂತ ಕನಿಷ್ಠ ಒಂದೆರಡು ವರ್ಷ ಹೆಚ್ಚು ಕಾಲ ಕಡತ ಕಾದಿಡಿ.

ಪೂರ್ತಿ ನಕಲಿಯಾದರೆ ವಾಚನ್ನು ಮೊಹರು ಮಾಡಿ ಇಟ್ಟು, ವಕೀಲರ ಸಲಹೆಯೊಂದಿಗೆ ಟ್ರೇಡ್‌ಮಾರ್ಕ್ ಒಡೆಯರಿಗೆ ತಿಳಿಸಿ. ತಂದವರೇ ಗೊತ್ತಿಲ್ಲದೆ ಮೋಸಹೋಗಿರಬಹುದು, ಅವರ ಮಾತನ್ನೂ ಕೇಳಿ. ಒಪ್ಪಿದರೆ ಡಯಲ್, ಕೇಸು ಎರಡರ ಗುರುತನ್ನೂ ಮತ್ತೆ ಬಳಸಲಾಗದಂತೆ ನಾಶ ಮಾಡಿ ಫೋಟೊ ಸಮೇತ ದಾಖಲಿಸಿ. ಕಲಬೆರಕೆಯಾದರೆ ನಾಶ ಬೇಕಿಲ್ಲ. ಯಂತ್ರ ಯಂತ್ರವೆಂದು, ಡಯಲ್ ಡಯಲೆಂದು, ಕೇಸು ಕೇಸೆಂದು ಬಿಚ್ಚಿ, ಬಿಡಿಭಾಗಗಳ ಹರಾಜಿನಲ್ಲಿ ಮೂರು ಬೇರೆ ಬೇರೆ ಲಾಟುಗಳಾಗಿ ಹಾಕಿ. ಮೂರೂ ಒಬ್ಬರ ಕೈಗೇ ಹೋಗದಂತೆ ನೋಡಿಕೊಳ್ಳಿ.